ತಗಡಿನ ಶೆಡ್ಡಿನಲ್ಲಿ ಬೆಳೆದ ನಿಘಂಟು

1879ರಲ್ಲಿ, ಲಂಡನ್ನಿನ ಹೊರಗಿನ ಮಿಲ್ ಹಿಲ್ ಎಂಬ ಊರಿನ ಶಾಲೆಯ ಮೇಷ್ಟ್ರೊಬ್ಬರ ಮನೆಗೆ ಚೀಲಗಟ್ಟಲೆ ಕಾಗದ ಬಂದು ಬಿತ್ತು. ತೂಕ ಹೆಚ್ಚುಕಡಿಮೆ 2 ಟನ್. ಎಲ್ಲವೂ ಚೀಟಿಗಳು. ಇಂಗ್ಲೆಂಡಿನ ನೂರಾರು ಮಂದಿ ಇಪ್ಪತ್ತು ವರ್ಷಗಳಿಂದ ಪುಸ್ತಕಗಳಲ್ಲಿ ಹೆಕ್ಕಿ, ಒಂದು ಚೀಟಿಗೆ ಒಂದು ಪದದಂತೆ ಬರೆದು ಕಳಿಸಿದ್ದ ಪ್ರಯೋಗಗಳು. ಒಂದು ಚೀಲ ಬಿಚ್ಚಿದರೆ ಒಳಗೆ ಸತ್ತ ಹೆಗ್ಗಣ. ಇನ್ನೊಂದರಲ್ಲಿ ಬದುಕಿದ್ದ ಇಲಿ, ಚೀಟಿಗಳನ್ನೇ ಕಡಿದು ಗೂಡು ಮಾಡಿಕೊಂಡು ಮರಿಗಳೊಂದಿಗೆ ಸಂಸಾರ ಹೂಡಿತ್ತು. ಎಚ್ ಅಕ್ಷರವಂತೂ ಇಡಿಯಾಗಿ ನಾಪತ್ತೆ. ಹುಡುಕಾಡಿದ ಮೇಲೆ ಇಟಲಿಯ ಫ್ಲಾರೆನ್ಸಿನಲ್ಲಿ ಸಿಕ್ಕಿತು. ‘ಪಿಎ’ಯಿಂದ ಶುರುವಾಗುವ ಪದಗಳ ಕಟ್ಟು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿತ್ತು. ಅದರಲ್ಲಿ ಬಹುಪಾಲು ಒಲೆ ಹೊತ್ತಿಸಲು ಖರ್ಚಾಗಿ ಹೋಗಿತ್ತು.

ಆ ಮೇಷ್ಟ್ರ ಹೆಸರು ಜೇಮ್ಸ್ ಮರ್ರೆ. ಆಗ ಅವರಿಗೆ 42 ವರ್ಷ. ಅದೇ ವರ್ಷದ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದೊಂದಿಗೆ ಇಂಗ್ಲಿಷ್ ನಿಘಂಟಿನ ಕರಾರು ಆಗಿತ್ತು: 10 ವರ್ಷ, 4 ಸಂಪುಟ, ಹೆಚ್ಚೆಂದರೆ 7,000 ಪುಟ. ಕೆಲಸ ಮುಗಿದದ್ದು 1928ರಲ್ಲಿ, 10 ಸಂಪುಟಗಳಲ್ಲಿ, 15,487 ಪುಟಗಳಿಗೆ. ಅಷ್ಟರಲ್ಲಿ ಮರ್ರೆಯವರು ತೀರಿಕೊಂಡು 13 ವರ್ಷವಾಗಿತ್ತು.

ನಿಘಂಟಿನ ಕೆಲಸ ಮಾಡಿದವರ ನೆನಪಿಗೆಂದು ತರುತ್ತಿರುವ ಈ ಸಂಚಿಕೆಗೆ ಸಾವಿರಾರು ಮೈಲಿಯಾಚೆಯ ಈ ಸ್ಕಾಟಿಷ್ ಮನುಷ್ಯನನ್ನೇಕೆ ಎಳೆದು ತಂದೆ ಎಂದು ಕೇಳಬಹುದು. ನಾನು ಕೆಲಕಾಲ ಒಂದು ನಿಘಂಟು ಕಚೇರಿಯಲ್ಲಿ ಚೀಟಿ ಜೋಡಿಸಿದವನು. ನಮ್ಮಲ್ಲಿ ಇಲಿಗಿಂತ ಗೆದ್ದಲಿನ ಭಯ ಹೆಚ್ಚು, ಅಷ್ಟೇ ವ್ಯತ್ಯಾಸ. ಆಕ್ಸ್‌ಫರ್ಡ್ ನಿಘಂಟು ಎಂದರೆ ಹೊರಗಿನವರಿಗೆ ಕಲ್ಲಿನ ಗೋಪುರ, ಕಪ್ಪು ನಿಲುವಂಗಿಯ ಪಂಡಿತರು, ನೂರಾರು ವರ್ಷದ ಗ್ರಂಥಾಲಯ ಕಣ್ಣಿಗೆ ಕಟ್ಟುತ್ತದೆ. ಚೀಟಿ ಜೋಡಿಸಿದವನಿಗೆ ಕಾಣುವುದು ಬೇರೆಯೇ: ಒಂದು ತಗಡಿನ ಶೆಡ್ಡು, ಒಂದು ದೊಡ್ಡ ಸಂಸಾರ, ಮುಗಿಯದ ಟಪಾಲು. ಆ ಸಂಸ್ಥೆ ಒಂದು ಮನೆಯ ಹಿತ್ತಲಲ್ಲಿ ಬೆಳೆಯಿತು. ಹೆಸರು ಮಾತ್ರ ವಿಶ್ವವಿದ್ಯಾಲಯಕ್ಕೆ ಬಂತು.

ಮೂಲಕ್ಕೆ ಹೋದರೆ ಅದು ವಿಶ್ವವಿದ್ಯಾಲಯದ ಕನಸೂ ಅಲ್ಲ. ಲಂಡನ್ನಿನಲ್ಲಿ 1842ರಿಂದ ಫಿಲಲಾಜಿಕಲ್ ಸೊಸೈಟಿ ಎಂಬ ಭಾಷಾಸಕ್ತರ ಕೂಟವೊಂದಿತ್ತು. ಇರುವ ನಿಘಂಟುಗಳಲ್ಲಿ ಸೇರದ ಪದಗಳನ್ನು ಕಲೆಹಾಕೋಣವೆಂದು ಅದು 1857ರಲ್ಲಿ ಮೂವರ ಸಮಿತಿ ಮಾಡಿತು. ಬಿಟ್ಟುಹೋದ ಪದಗಳ ಪಟ್ಟಿ ಬೆಳೆಯುತ್ತ ಹೋದಂತೆ, ತೇಪೆ ಹಾಕುವುದಕ್ಕಿಂತ ಹೊಸ ಬಟ್ಟೆಯನ್ನೇ ನೇಯುವುದು ವಾಸಿ ಎಂದಾಯಿತು. ಪ್ರತಿ ಪದವೂ ಭಾಷೆಗೆ ಯಾವಾಗ ಬಂತು, ಶತಮಾನದಿಂದ ಶತಮಾನಕ್ಕೆ ಅದರ ಅರ್ಥ ಹೇಗೆ ತಿರುಗಿತು, ಇದನ್ನು ಇಸವಿ ಹಾಕಿದ ಪ್ರಯೋಗಗಳಿಂದಲೇ ತೋರಿಸಬೇಕು. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ ಚೀಟಿ ಹಾಕಲು 54 ಗೂಡುಗಳ ಕಪಾಟು ಮಾಡಿಸಿದರು. ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ಸೊಸೈಟಿಯ ಉಪನ್ಯಾಸಕ್ಕೆ ಕೂತದ್ದು ಮೊದಲೇ ಇದ್ದ ಕ್ಷಯಕ್ಕೆ ತುಪ್ಪ ಸುರಿಯಿತೆನ್ನುತ್ತಾರೆ. 1861ರಲ್ಲಿ, 30ನೇ ವಯಸ್ಸಿಗೇ ಹೋದರು.

ಆಮೇಲೆ ಬಂದವರು ಫ್ರೆಡರಿಕ್ ಫರ್ನಿವಾಲ್. ಹುರುಪು ಬೆಟ್ಟದಷ್ಟು, ತಾಳ್ಮೆ ಸಾಸಿವೆಯಷ್ಟು. ಚೀಟಿಗಳು ಊರೂರಿಗೆ ಚದುರಿ ಇಲಿಯ ಪಾಲಾದದ್ದು ಅವರ ಕಾಲದಲ್ಲೇ. ಆದರೂ ಅವರಿಂದ ಒಂದು ದೊಡ್ಡ ಉಪಕಾರವಾಯಿತು. ಹಳೆಯ ಇಂಗ್ಲಿಷಿನ ಕೃತಿಗಳು ಹಸ್ತಪ್ರತಿಗಳಲ್ಲೇ ಕೊಳೆಯುತ್ತಿದ್ದರೆ ಪ್ರಯೋಗ ಹೆಕ್ಕುವುದು ಎಲ್ಲಿಂದ? ಅದಕ್ಕೆಂದೇ 1864ರಲ್ಲಿ ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ ಕಟ್ಟಿ, ಆ ಕೃತಿಗಳನ್ನು ಸಾಲುಸಾಲಾಗಿ ಅಚ್ಚು ಹಾಕಿಸತೊಡಗಿದರು. ನಮ್ಮ ಕಿಟ್ಟೆಲ್ಲರೂ ಇದೇ ದಾರಿ ಹಿಡಿದದ್ದು ನೋಡಿ. 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ಛಂದೋಂಬುಧಿ ಸಂಪಾದಿಸಿದ ಮೇಲೆ 1894ರಲ್ಲಿ ನಿಘಂಟು ತಂದರು. ಗ್ರಂಥ ಅಚ್ಚಾಗದೆ ನಿಘಂಟಾಗದು.

ಮರ್ರೆ ಹುಟ್ಟಿದ್ದು 1837ರ ಫೆಬ್ರವರಿ 7ರಂದು, ಸ್ಕಾಟ್ಲೆಂಡಿನ ಗಡಿಸೀಮೆಯ ಹಾಯಿಕ್ ಪಟ್ಟಣದ ಪಕ್ಕದ ಡೆನ್‌ಹೋಮ್ ಹಳ್ಳಿಯಲ್ಲಿ. ಅಪ್ಪ ದರ್ಜಿ. ದುಡ್ಡಿಲ್ಲದೆ 14ಕ್ಕೇ ಶಾಲೆ ಬಿಟ್ಟ ಹುಡುಗ, ಕೈಗೆ ಸಿಕ್ಕಿದ ಭಾಷೆಯನ್ನೆಲ್ಲ ತಾನೇ ಕಲಿತ. ದನಗಳಿಗೆ ಲ್ಯಾಟಿನ್ನಿನಲ್ಲಿ ಕರೆದರೆ ಓಗೊಡುವುದನ್ನು ಕಲಿಸಲು ಹೋದನಂತೆ. ದನಗಳು ಎಷ್ಟು ಕಲಿತವೋ! 17ಕ್ಕೆ ಹಾಯಿಕ್ಕಿನಲ್ಲಿ ಸಹಾಯಕ ಮೇಷ್ಟ್ರು, 20ಕ್ಕೆ ಅಲ್ಲಿಯೇ ಮುಖ್ಯೋಪಾಧ್ಯಾಯ. ಮದುವೆಯಾಯಿತು, ಹೆಣ್ಣು ಮಗುವಾಯಿತು, ಮಗು ಉಳಿಯಲಿಲ್ಲ. ಹೆಂಡತಿ ಮ್ಯಾಗಿಗೂ ಕ್ಷಯ. ಚಳಿಯ ಸೀಮೆ ಬಿಡಿ ಎಂದರು ವೈದ್ಯರು. ಹೀಗೆ ಲಂಡನ್ನಿಗೆ ಬಂದ ಮೇಷ್ಟ್ರು ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾ, ಆಸ್ಟ್ರೇಲಿಯಾ ಅಂಡ್ ಚೈನಾದಲ್ಲಿ ಗುಮಾಸ್ತರಾದರು. ಇವತ್ತು ಸ್ಟ್ಯಾಂಡರ್ಡ್ ಚಾರ್ಟರ್ಡ್ ಎಂದು ನಮ್ಮ ಊರುಗಳಲ್ಲೂ ಫಲಕ ಹಾಕಿರುವ ಬ್ಯಾಂಕಿನ ಪೂರ್ವಜ ಅದು. ಮ್ಯಾಗಿ 1865ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಏಡಾ ರುತ್ವೆನ್ ಜೊತೆ ಮದುವೆ. ಆ ಮದುವೆಯಲ್ಲಿ ವರನ ಪಕ್ಕ ನಿಂತ ಗೆಳೆಯ ಅಲೆಕ್ಸಾಂಡರ್ ಗ್ರಹಾಂ ಬೆಲ್; ಟೆಲಿಫೋನು ಬರಲು ಇನ್ನೂ ಸಮಯವಿತ್ತು.

ಬ್ಯಾಂಕಿನಲ್ಲಿದ್ದಾಗ ಮರ್ರೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದರು. ಅದರಲ್ಲಿ ತಮಗೆ ಬರುವ ಭಾಷೆಗಳ ಪಟ್ಟಿಯಿತ್ತು: ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಕ್ಯಾಟಲಾನ್ ಚೆನ್ನಾಗಿ, ಡಚ್ಚು, ಜರ್ಮನ್ನು ತಕ್ಕಮಟ್ಟಿಗೆ, ಹಳೆಯ ಇಂಗ್ಲಿಷು, ಗಾಥಿಕ್ಕು ವಿಶೇಷವಾಗಿ, ಹೀಬ್ರೂ, ಸಿರಿಯಾಕ್ ಓದುವಷ್ಟು, ರಷ್ಯನ್, ಪರ್ಷಿಯನ್, ಸಂಸ್ಕೃತಗಳೂ ಅಷ್ಟಿಷ್ಟು. ಓದಿದರೆ ಬಡಾಯಿ ಅನ್ನಿಸುತ್ತದೆ, ಆದರೆ ಯಾವುದು ಎಷ್ಟು ಬರುತ್ತದೆ ಎಂದು ಅವರು ಒಂದೊಂದನ್ನೂ ಅಳೆದು ಬರೆದಿದ್ದರು. ಆ ಅಳತೆಯ ಬುದ್ಧಿಯೇ ಮುಂದೆ ನಿಘಂಟಿಗೆ ಬೇಕಾದದ್ದು. ಕೆಲಸ ಸಿಗಲಿಲ್ಲ. 1870ರಲ್ಲಿ ಮಿಲ್ ಹಿಲ್ ಶಾಲೆಗೆ ಸೇರಿದರು. 1873ರಲ್ಲಿ ತಮ್ಮ ಸೀಮೆಯ ಆಡುಮಾತಿನ ಬಗ್ಗೆ ಪುಸ್ತಕ ಬರೆದು ಭಾಷಾಶಾಸ್ತ್ರಜ್ಞರ ಕಣ್ಣಿಗೆ ಬಿದ್ದರು.

ನಿಘಂಟಿನ ಹೊಣೆ ಅವರ ಹೆಗಲೇರಿ ಆ ಚೀಲಗಳು ಬಂದಾಗ ಮನೆಯೊಳಗೆ ಜಾಗವಿರಲಿಲ್ಲ. ಮುಂದಿನ ತೋಟದಲ್ಲಿ ಒಂದು ತಗಡಿನ ಶೆಡ್ಡು ಎಬ್ಬಿಸಿದರು. ಹಳೆಯ ಮಠಗಳಲ್ಲಿ ಸಂನ್ಯಾಸಿಗಳು ಕೂತು ಗ್ರಂಥ ಪ್ರತಿ ಮಾಡುತ್ತಿದ್ದ ಕೋಣೆಯ ಹೆಸರೇ ಅದಕ್ಕೂ: ಸ್ಕ್ರಿಪ್ಟೋರಿಯಂ. ಗೋಡೆಗೆ 1,029 ಗೂಡುಗಳು. ಕೋಲ್‌ರಿಜ್‌ರ 54 ಎಲ್ಲಿ, ಇದೆಲ್ಲಿ! ಉಳಿದವರ ಮೇಜಿಗಿಂತ ಒಂದು ಅಡಿ ಎತ್ತರದ ಕಟ್ಟೆಯ ಮೇಲೆ ಸಂಪಾದಕರ ಕುರ್ಚಿ. ಚಳಿಗಾಲದಲ್ಲಿ ತಗಡು ಮಂಜುಗಡ್ಡೆ, ಬೇಸಗೆಯಲ್ಲಿ ಕಾವಲಿ. ಥಂಡಿಗಾಳಿ ನೆಲದ ಮೇಲೆ ಹರಿದು ಬರುತ್ತದೆಂದು ಮರ್ರೆ ಓವರ್‌ಕೋಟು ಹಾಕಿ, ಕಾಲನ್ನು ಒಂದು ಪೆಟ್ಟಿಗೆಯೊಳಗಿಟ್ಟುಕೊಂಡು ಕೂತಿರುತ್ತಿದ್ದರು.

ಚೀಟಿ ಎಂದರೆ ಪತ್ರ ಬರೆಯುವ ಕಾಗದದ ಅರ್ಧ ಹಾಳೆ. ಎಡಮೂಲೆಯಲ್ಲಿ ಪದ. ಅದರ ಕೆಳಗೆ ಇಸವಿ, ಕರ್ತೃ, ಕೃತಿ, ಪುಟ. ಆಮೇಲೆ ಆ ಪದ ಬಂದಿರುವ ಇಡೀ ವಾಕ್ಯ. ಇಷ್ಟನ್ನು ಸರಿಯಾಗಿ ಬರೆಯುವವರು ಹತ್ತರಲ್ಲಿ ನಾಲ್ಕು ಮಂದಿ ಎಂಬುದು ನನ್ನ ಲೆಕ್ಕ. ಆ ಕಾಲದಲ್ಲೂ ಇದಕ್ಕಿಂತ ಹೆಚ್ಚಿರಲಾರದು. ಬಂದ ಚೀಟಿಯನ್ನು ಮೊದಲು ಅಕಾರಾದಿಯಾಗಿ ಹಾಕಬೇಕು. ಆಮೇಲೆ ನಾಮಪದ, ಕ್ರಿಯಾಪದ ಬೇರೆಬೇರೆ. ಅದರೊಳಗೆ ಇಸವಿಯ ಪ್ರಕಾರ. ಆಮೇಲಿನದೇ ನಿಜವಾದ ಕೆಲಸ: ಮೇಜಿನ ಮೇಲೆ ಚೀಟಿಗಳನ್ನು ಇಸ್ಪೀಟು ಹರಡಿದಂತೆ ಹರಡಿ, ಇದು ಈ ಅರ್ಥದ ಗುಂಪಿಗೋ ಆ ಅರ್ಥದ ಗುಂಪಿಗೋ ಎಂದು ಸರಿಸುತ್ತ, ಎರಡು ಗುಂಪಿನ ನಡುವೆ ಒಂದೇ ಒಂದು ಚೀಟಿ ಎಲ್ಲಿಗೂ ಸೇರದೆ ಉಳಿದಾಗ, ಜೋಡಿಸಿದ್ದನ್ನೆಲ್ಲ ಕಲೆಸಿ ಮತ್ತೆ ಮೊದಲಿನಿಂದ ಹರಡುವುದು. ಕೊನೆಗೆ ಕಟ್ಟು ಸಂಪಾದಕರ ಕಟ್ಟೆಗೆ. ವ್ಯುತ್ಪತ್ತಿ, ಉಚ್ಚಾರಣೆ, ಅರ್ಥವಿವರಣೆಯ ಕೊನೆಯ ಮಾತು ಅವರದು.

1879ರ ಏಪ್ರಿಲಿನಲ್ಲಿ ಮರ್ರೆ ಒಂದು ಮನವಿ ಹಂಚಿ, ಇಂಗ್ಲಿಷ್ ಓದುವ ಲೋಕದಿಂದ 1,000 ಮಂದಿ ಓದುಗರನ್ನು ಕೇಳಿದರು. ಚೀಟಿಗಳ ಮಳೆಯೇ ಸುರಿಯಿತು. ಆದರೆ ಅದರಲ್ಲೊಂದು ತಮಾಷೆಯ ತೊಡಕು. ಅಪರೂಪದ, ಹಳೆಯ, ವಿಚಿತ್ರವಾದ ಪದ ಕಂಡರೆ ಬರೆಯಿರಿ ಎಂಬ ಸೂಚನೆ ಮೊದಲಿನಿಂದ ಇತ್ತು. ಓದುಗರು ಚಾಚೂ ತಪ್ಪದೆ ಪಾಲಿಸಿದರು. ಹೀಗಾಗಿ ‘ಅಬ್ಯೂಷನ್’ ಎಂಬ ಸತ್ತ ಪದಕ್ಕೆ ಸುಮಾರು 50 ಚೀಟಿ. ದಿನಬೆಳಗಾದರೆ ಎಲ್ಲರ ಬಾಯಲ್ಲಿರುವ ‘ಅಬ್ಯೂಸ್’ಗೆ 5ಕ್ಕಿಂತ ಕಡಿಮೆ! ಊರಲ್ಲಿರುವ ಅಕ್ಕಿ ಬಿಟ್ಟು ಕಾಡಿನ ಗೆಡ್ಡೆಯನ್ನೆಲ್ಲ ಅಗೆದು ತಂದಂತಾಯಿತು. ಸಾಮಾನ್ಯ ಪದಗಳಿಗೆ ಪ್ರಯೋಗ ಹುಡುಕುವ ಕೂಲಿ ಶೆಡ್ಡಿನೊಳಗಿದ್ದವರ ತಲೆಗೇ ಬಂತು. ಕನ್ನಡದಲ್ಲಿ ‘ಹೋಗು’, ‘ಬರು’, ‘ಇಡು’ಗಳ ಮುಂದೆ ಕೂತು ಬೆವರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಕ್ಕಳು 11. ಅಕ್ಷರ ಓದಲು ಬಂದ ಕೂಡಲೇ ಒಂದೊಂದಕ್ಕೂ ಚೀಟಿ ಜೋಡಿಸುವ ಕೆಲಸ, ಗಂಟೆಗೆ ಇಷ್ಟು ಪೆನ್ನಿ ಎಂದು ಕೈಗಾಸು. ಏಡಾ ಮನೆಯ ಲೆಕ್ಕವನ್ನೂ ನಿಘಂಟಿನ ಪತ್ರವ್ಯವಹಾರವನ್ನೂ ಒಟ್ಟಿಗೇ ನಡೆಸಿದರು. ಮುನ್ನುಡಿಗಳಲ್ಲಿ ಇಂಥವರ ಹೆಸರಿಗೆ ಸಿಗುವ ಜಾಗ ಎಷ್ಟೆಂದು ನಮಗೆ ಗೊತ್ತೇ ಇದೆ.

ಮೊದಲ ಕಂತು ‘ಎ’ಯಿಂದ ‘ಆಂಟ್’ವರೆಗೆ, 352 ಪುಟ, 1884ರಲ್ಲಿ ಬಂತು. 5 ವರ್ಷಕ್ಕೆ ಒಂದು ಅಕ್ಷರವೂ ಮುಗಿದಿರಲಿಲ್ಲ. ಮುದ್ರಣಾಲಯದ ಆಡಳಿತದವರಿಗೆ ಚಳಿ ಹಿಡಿಯಿತು. ಶಾಲೆ ಬಿಟ್ಟು ಪೂರ್ತಿ ಇದಕ್ಕೇ ಕೂರಿ ಎಂದರು. 1885ರಲ್ಲಿ ಮರ್ರೆ ಸಂಸಾರ ಸಮೇತ ಆಕ್ಸ್‌ಫರ್ಡಿನ ಬ್ಯಾನ್‌ಬರಿ ರಸ್ತೆಯ 78ನೇ ಮನೆಗೆ ಬಂದು, ಹಿತ್ತಲಲ್ಲಿ ಎರಡನೆಯ ಸ್ಕ್ರಿಪ್ಟೋರಿಯಂ ಎಬ್ಬಿಸಿದರು. ಪಕ್ಕದ ಮನೆಯ ಪ್ರೊಫೆಸರರು ತಮ್ಮ ಕಿಟಕಿಯ ನೋಟಕ್ಕೆ ಅಡ್ಡವಾಗುತ್ತದೆಂದು ತಕರಾರು ತೆಗೆದದ್ದರಿಂದ ನೆಲ ಅಗೆದು ಶೆಡ್ಡನ್ನು ತಗ್ಗಿನಲ್ಲಿ ಕೂರಿಸಬೇಕಾಯಿತು. ಥಂಡಿಯ ಜೊತೆ ತೇವವೂ ಸೇರಿತು. ಇಂಗ್ಲಿಷ್ ಭಾಷೆಯ ಸರ್ವಸ್ವವನ್ನೂ ಗುಡ್ಡೆ ಹಾಕಿಕೊಂಡ ಕಚೇರಿ ಪಕ್ಕದ ಮನೆಯವರಿಗೆ ಕಾಣದ ಹಾಗೆ ಹಳ್ಳದಲ್ಲಿ ಕೂತಿತ್ತು!

ಟಪಾಲಿನ ಹೊರೆ ನೋಡಿ ಅಂಚೆ ಇಲಾಖೆಯೇ ಮನೆಯ ಮುಂದೆ ಒಂದು ಕೆಂಪು ಅಂಚೆ ಪೆಟ್ಟಿಗೆ ನೆಟ್ಟಿತು. ‘ಮರ್ರೆ, ಆಕ್ಸ್‌ಫರ್ಡ್’ ಎಂದಷ್ಟೇ ಬರೆದರೂ ಕಾಗದ ತಲುಪುತ್ತಿತ್ತು. ವಿಶ್ವವಿದ್ಯಾಲಯ ಮಾತ್ರ ಅವರನ್ನು ತನ್ನವರೆಂದು ಒಳಗೆ ಕರೆಯಲಿಲ್ಲ. ಅವರು ಆಕ್ಸ್‌ಫರ್ಡಿನಲ್ಲಿ ಓದಿದವರಲ್ಲ, ಇಂಗ್ಲೆಂಡಿನ ಚರ್ಚಿಗೆ ಸೇರಿದವರೂ ಅಲ್ಲ. ಕುಲಪತಿಯಾಗಿದ್ದ ಬೆಂಜಮಿನ್ ಜೋವೆಟ್ ಒಮ್ಮೆ ಮರ್ರೆಯವರ ಮುನ್ನುಡಿಗೇ ಕೈಹಾಕಿ ತಿದ್ದಿದಾಗ, ನಿಘಂಟನ್ನೇ ಬಿಟ್ಟು ಹೋಗುತ್ತೇನೆ ಎನ್ನುವಷ್ಟು ಸಿಟ್ಟು ಬಂದಿತ್ತು. ಆಮೇಲೆ ಅವರಿಬ್ಬರಲ್ಲಿ ಎಂಥ ಸ್ನೇಹ ಬೆಳೆಯಿತೆಂದರೆ ಒಬ್ಬ ಮಗನ ಹೆಸರಿನಲ್ಲಿ ಜೋವೆಟ್ ಸೇರಿಕೊಂಡಿತು. ಸಂಪಾದಕನಿಗೂ ಆಡಳಿತಕ್ಕೂ ಜಗಳವಾಗದ ನಿಘಂಟು ನಾನು ಕೇಳಿಲ್ಲ. ಜಗಳ ನಾಮಕರಣದಲ್ಲಿ ಮುಗಿದದ್ದು ಇದೊಂದೇ ಇರಬೇಕು.

ವೇಗ ಹೆಚ್ಚಿಸಿ, ಪ್ರಯೋಗ ಕಡಿಮೆ ಮಾಡಿ ಎಂಬ ಒತ್ತಡ ಕೊನೆಯವರೆಗೂ ತಪ್ಪಲಿಲ್ಲ. 1888ರಲ್ಲಿ ಹೆನ್ರಿ ಬ್ರಾಡ್ಲಿ, 1901ರಲ್ಲಿ ವಿಲಿಯಂ ಕ್ರೇಗಿ, 1914ರಲ್ಲಿ ಚಾರ್ಲ್ಸ್ ಆನಿಯನ್ಸ್ ಸಮಾನ ಸಂಪಾದಕರಾಗಿ ಸೇರಿದರು. ಆದರೂ ಎ, ಬಿ, ಸಿ, ಡಿ, ಎಚ್‌ನಿಂದ ಕೆ, ಒ, ಪಿ, ಟಿ, ಇವೆಲ್ಲ ಮರ್ರೆಯವರ ಪಾಲು: ಒಟ್ಟು ನಿಘಂಟಿನ ಅರ್ಧಕ್ಕೆ ಸ್ವಲ್ಪವೇ ಕಡಿಮೆ. ಬಂಗಲೆ, ವೀಳ್ಯದೆಲೆಯ ‘ಬೀಟಲ್’, ತೆಂಗಿನ ನಾರಿನ ‘ಕಾಯರ್’, ಕರ್ರಿ, ಚುರೂಟು, ಪೋರ್ಚುಗೀಸರ ನಾಲಗೆ ಹಾದು ಹೋದ ನಮ್ಮ ಬೆಲ್ಲದ ‘ಜ್ಯಾಗರಿ’, ಟಾಡಿ, ಟಿಫಿನ್ನು, ಎಲ್ಲ ಅವರ ಮೇಜಿನ ಮೇಲೇ ಹಾದುಹೋದವು.

ಓದುಗರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಡಾಕ್ಟರ್ ಮೈನರ್ ಕಥೆಗೆ ಓಡುತ್ತಾರೆ. ಅಮೆರಿಕದ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದು, ಬುದ್ಧಿ ಕೆಟ್ಟು 1872ರಲ್ಲಿ ಲಂಡನ್ನಿನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದು, ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಯಲ್ಲಿ ಬಂದಿಯಾಗಿದ್ದುಕೊಂಡೇ ಸಾವಿರಾರು ಪ್ರಯೋಗ ಕಳಿಸಿದ ಮನುಷ್ಯ. ಪುಸ್ತಕವಾಯಿತು, ಸಿನಿಮಾವೂ ಆಯಿತು. ಯಾರೋ ಶ್ರೀಮಂತ ವೈದ್ಯರೆಂದು ಭೇಟಿಗೆ ಹೋದ ಮರ್ರೆಗೆ ಅಲ್ಲಿಗೆ ಹೋದ ಮೇಲೆಯೇ ನಿಜ ತಿಳಿಯಿತು ಎನ್ನುವುದು ಪತ್ರಿಕೆಗಳು ಕಟ್ಟಿದ ಕಥೆ. ಮೈನರ್ ಕೊಟ್ಟದ್ದು ದೊಡ್ಡದೇ, ಇಲ್ಲವೆನ್ನುವುದಿಲ್ಲ. ನನ್ನ ಮನಸ್ಸು ನಿಲ್ಲುವುದು ಇನ್ನೊಬ್ಬ ಅಮೆರಿಕನ್ನನ ಹತ್ತಿರ.

ಅವರು ಫಿಟ್ಸ್‌ಎಡ್ವರ್ಡ್ ಹಾಲ್. ಮನೆ ಬಿಟ್ಟು ಓಡಿಹೋದ ತಮ್ಮನನ್ನು ಹುಡುಕಲು ಹಡಗು ಹತ್ತಿದವರು, 1846ರಲ್ಲಿ ಗಂಗೆಯ ಮುಖದ ಬಳಿ ಹಡಗು ಒಡೆದು ಕಲ್ಕತ್ತೆ ಸೇರಿದರು. ಅಲ್ಲೇ ನಿಂತು ಸಂಸ್ಕೃತ ಕಲಿತು, ಬನಾರಸಿನ ಸರ್ಕಾರಿ ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳಿದರು. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸಂಸ್ಕೃತ ಪ್ರೊಫೆಸರ್ ಆದರು. ಅಲ್ಲಿ ಯಾರೊಂದಿಗೋ ಮನಸ್ತಾಪವಾಗಿ ಎಲ್ಲ ಬಿಟ್ಟು ಸಫೋಕ್ ಸೀಮೆಯ ಒಂದು ಹಳ್ಳಿ ಸೇರಿ ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲಿನ ಸಂದಿಯಿಂದ ಹೊರಗೆ ಬರುತ್ತಿದ್ದದ್ದು ನಿಘಂಟಿನ ತಿದ್ದಿದ ಪ್ರೂಫು. ಸುಮಾರು 20 ವರ್ಷ, ದಿನಕ್ಕೆ 4 ಗಂಟೆ, ಬಿಡಿಗಾಸು ತೆಗೆದುಕೊಳ್ಳದೆ, ಪುಟ ಪುಟವನ್ನೂ ನೋಡಿ, ಇದಕ್ಕಿಂತ ಹಳೆಯ ಪ್ರಯೋಗ ಇಲ್ಲಿದೆ, ಈ ಅರ್ಥಕ್ಕೆ ಅಲ್ಲೊಂದಿದೆ ಎಂದು ಅಂಚಿನಲ್ಲಿ ಬರೆದು ಮರುಟಪಾಲಿಗೆ ಹಾಕಿದರು. 1901ರಲ್ಲಿ ತೀರಿಕೊಂಡರು. ಇಷ್ಟು ವರ್ಷದಲ್ಲಿ ಮರ್ರೆ ಮತ್ತು ಹಾಲ್ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಹಾಲ್ ಕಥೆಯಲ್ಲಿ ಪಿಸ್ತೂಲು ಇಲ್ಲ. ಅದಕ್ಕೇ ಇರಬೇಕು, ಯಾರೂ ಸಿನಿಮಾ ತೆಗೆಯಲಿಲ್ಲ.

ಬಿಟ್ಟುಹೋದ ಪದಗಳ ಮಾತನ್ನೂ ಆಡಿಬಿಡುತ್ತೇನೆ, ನಿಘಂಟಿನವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದು ಇದನ್ನೇ ತಾನೆ. ಸ್ಥಳನಾಮದಿಂದ ಬಂದದ್ದೆಂದು ‘ಆಫ್ರಿಕನ್’ ಕೈಬಿಟ್ಟರು. ‘ಅಮೆರಿಕನ್’ ಬರುವ ಹೊತ್ತಿಗೆ ಮನಸ್ಸು ಬದಲಾಗಿ ಸೇರಿಸಿಕೊಂಡರು. ‘ಅಪೆಂಡಿಸೈಟಿಸ್’ ಬಗ್ಗೆ ವೈದ್ಯಶಾಸ್ತ್ರದ ಪ್ರೊಫೆಸರರನ್ನು ಕೇಳಿದರೆ, ಅಂಥ ಹಲ್ಲುಮುರುಕ ವೈದ್ಯಕೀಯ ಪದಗಳು ಬೇಡ ಎಂಬ ಉತ್ತರ ಬಂತು, ಬಿಟ್ಟರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಗೆ ಅದೇ ಕಾಯಿಲೆಯಾಗಿ ಪಟ್ಟಾಭಿಷೇಕವೇ ಮುಂದಕ್ಕೆ ಹೋಯಿತು. ಇಡೀ ದೇಶದ ಬಾಯಲ್ಲಿ ಆ ಪದ, ನಿಘಂಟಿನಲ್ಲಿ ಮಾತ್ರ ಇಲ್ಲ.

ಇವೆರಡೂ ಯೋಚಿಸಿ ಬಿಟ್ಟವು. ‘ಬಾಂಡ್‌ಮೇಯ್ಡ್’ ಹಾಗಲ್ಲ. ತೊತ್ತಿನಾಳು, ದಾಸಿ ಎಂಬರ್ಥದ ಹಳೆಯ ಪದ, ಇಂಗ್ಲಿಷ್ ಬೈಬಲ್ಲಿನಲ್ಲೂ ಇರುವಂಥದು. ಅದರ ಚೀಟಿಗಳ ಕಟ್ಟು ಎಲ್ಲೋ ಜಾರಿ ಅಡಗಿ ಕೂತಿತ್ತು. ಬಿ ಅಕ್ಷರ ಅಚ್ಚಾಗಿ ಮನೆಮನೆ ಸೇರಿದ ಮೇಲೆ ಸಿಕ್ಕಿತು. ಅಷ್ಟು ಕಣ್ಣುಗಳ ಕೆಳಗೆ ಅಷ್ಟು ಪ್ರೂಫು ಹಾದುಹೋಗಿದ್ದರೂ ಇಲ್ಲದ ಪದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಡೆಯೂ ಒಮ್ಮೆ ಒಂದು ಕಟ್ಟು ಕಾಣೆಯಾಗಿ, ತಿಂಗಳಾದ ಮೇಲೆ ಕುಂಟುತ್ತಿದ್ದ ಬೀರುವಿನ ಕಾಲಿನಡಿ ಸಿಕ್ಕಿತು. ಅದನ್ನು ಅಲ್ಲಿ ಮಡಿಸಿ ಇಟ್ಟವನು ನಾನೇ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಕಿಟ್ಟೆಲ್ಲರ ನಿಘಂಟನ್ನು ಹೊರತಂದಾಗ ಮರ್ರೆ ‘ಡಿ’ಯಲ್ಲಿದ್ದರು. ಆ ನಿಘಂಟು ಮುಗಿಯಿತು, ಇದು ಮುಗಿಯಲಿಲ್ಲ. ಇಸವಿ ಹಿಡಿದು, ಶಾಸನದಿಂದ ಹಿಡಿದು ಪ್ರಯೋಗ ತೋರಿಸುವ ಐತಿಹಾಸಿಕ ನಿಘಂಟು ನಮಗೆ ಬರಲು ಕಾಯಬೇಕಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ, 8ನೆಯದು 1995ರಲ್ಲಿ. ತಡವಾಯಿತೆಂದು ಗೊಣಗುವವರಿಗೆ ನಾನು ಮರ್ರೆಯವರ ಕರಾರಿನ 10 ವರ್ಷವನ್ನು ನೆನಪಿಸುತ್ತೇನೆ.

1908ರಲ್ಲಿ ಮರ್ರೆಗೆ ಸರ್ ಪದವಿ ಬಂತು. ಆಕ್ಸ್‌ಫರ್ಡಿನ ಗೌರವ ಡಾಕ್ಟರೇಟು 1914ರಲ್ಲಿ, ಅಂದರೆ ಆ ಊರಿಗೆ ಬಂದು 29 ವರ್ಷವಾದ ಮೇಲೆ. 80 ತುಂಬುವಷ್ಟರಲ್ಲಿ ಮುಗಿಸುತ್ತೇನೆಂಬ ಆಸೆಯಿತ್ತು. 1915ರ ಜುಲೈನಲ್ಲಿ ಶೆಡ್ಡಿನೊಳಗೆ ತೆಗೆದ ಕೊನೆಯ ಫೋಟೋದಲ್ಲಿ ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ, ಹಿಂದೆ ಚೀಟಿಗಳ ಗೂಡು, ಸಹಾಯಕರ ನಡುವೆ ಹೆಣ್ಣುಮಕ್ಕಳು ಎಲ್ಸಿ ಮತ್ತು ರಾಸ್‌ಫ್ರಿತ್ ಕಾಣುತ್ತಾರೆ. ಕೈಯಲ್ಲಿದ್ದದ್ದು ಟಿ ಅಕ್ಷರದ ಬಾಲ. ಅದೇ ತಿಂಗಳ 26ರಂದು ಪುಪ್ಪುಸದ ಪೊರೆಯ ಉರಿಯೂತದಿಂದ ತೀರಿಕೊಂಡರು. ಚೀಟಿಗಳನ್ನು ಗಾಡಿಗೆ ಹೇರಿ ವಿಶ್ವವಿದ್ಯಾಲಯದ ಹಳೆಯ ಆಶ್ಮೋಲಿಯನ್ ಕಟ್ಟಡಕ್ಕೆ ಸಾಗಿಸಿದರು. ಕೊನೆಗೂ ಅವಕ್ಕೆ ಕಲ್ಲಿನ ಗೋಡೆ ಸಿಕ್ಕಿತು. ಹೆಣ್ಣುಮಕ್ಕಳಿಬ್ಬರೂ ಅಲ್ಲಿ ಕೆಲಸ ಮುಂದುವರಿಸಿದರು. 1928ರ ಏಪ್ರಿಲಿನಲ್ಲಿ ಕೊನೆಯ ಕಂತು ಬಂದಾಗ ಲೆಕ್ಕ ಹಾಕಿದರು: 4,14,825 ಪದ, 18,27,306 ಪ್ರಯೋಗ.

ಆ ಲೆಕ್ಕದಲ್ಲಿ ‘ಬಾಂಡ್‌ಮೇಯ್ಡ್’ ಇರಲಿಲ್ಲ. ಅದಕ್ಕೆ 1933ರ ಪುರವಣಿಯಲ್ಲಿ ಜಾಗ ಸಿಕ್ಕಿತು.